ನೂಲು ಹೋಗಿ ಗಂಜಿ ಉಳಿದು

ಲಾಲಬಾಗದ ಭಾನುಶಾಲಿ ಚಾಳಿನಲ್ಲಿ
ಮೋನಪ್ಪ ಬಡಿಗೇರರ ಸುತ್ತಿಗೆಯ ಹಿಂದೆ
ಸೀಮೆಸುಣ್ಣ ಹಿಡಿದು ನಡೆಯುವುದು ನನ್ನ ಕೆಲಸ.
ಅವರು ತಟ್ಟುತ್ತಾರೆ, ನಾನು ಗೀಚುತ್ತೇನೆ.
ಠಣ್ ಅಂದರೆ ಗೆರೆ,
ದಬ್ ಅಂದರೆ ಗುಣಿಸು.

ನೂರಹನ್ನೊಂದು ಖೋಲಿ, ನಾಲ್ಕು ಮಾಳಿಗೆ,
ಬರ್ಮಾದಿಂದ ಹಡಗೇರಿ ಬಂದ ಸಾಗುವಾನಿ.
‘ಕಣ್ಣಿಗೆ ಕೆಲಸಾ ಕೊಡಬ್ಯಾಡ’ ಅನ್ನುತ್ತಾರೆ ಮೋನಪ್ಪ,
‘ಕಣ್ಣು ಬಣ್ಣದ ಕಡಿಂದ ಲಂಚಾ ತಗೊಂಡದ.
ಕಿವಿ ಇನ್ನೂ ತಗೊಂಡಿಲ್ಲ.’

ಮೊದಲ ಮಾಳಿಗೆ ಠಣ್, ಠಣ್, ಠಣ್.
ಯಾರದೋ ಕಟಕಟೆಯ ಮೇಲೆ ಬೊಂಬಿಲ ಒಣಗುತ್ತಿದೆ.
ಎರಡನೆಯದರಲ್ಲಿ ಒಂದು ಕಡೆ ಅನುಮಾನ,
ಮತ್ತೆ ತಟ್ಟಿದರೆ ಠಣ್.
ಮೂರನೆಯದರಲ್ಲಿ, ಎಪ್ಪತ್ತಾರರ ಎದುರು,
ಗ್ಯಾಲರಿಯ ಹಲಗೆಯಡಿಯಿಂದ ಹೊರಚಾಚಿದ ತೊಲೆ
ದಬ್ ಅನ್ನಲೂ ಇಲ್ಲ.
ಹಾಸಿಗೆಯನ್ನು ತಟ್ಟಿದ ಹಾಗೆ.

ಮೋನಪ್ಪ ಕುಕ್ಕರುಗಾಲಲ್ಲಿ ಕೂತು
ಸರಳಿನ ಸಂದಿಯಿಂದ ಕೈ ಇಳಿಬಿಟ್ಟರು.
‘ದಬ್ಬಣಾ ಕೊಡು.’
ಹೊರಗೆ ಹಸಿರು ಆಯಿಲ್ ಪೇಂಟು,
ದೀಪಾವಳಿಗೊಂದು ಪದರು,
ಕೂಸಿನ ಕೆನ್ನೆಯಷ್ಟು ನುಣುಪು.
ದಬ್ಬಣ ಹಿಡಿಯವರೆಗೆ ಹೋಯಿತು
ಬೆಂದ ಗೆಣಸಿಗೆ ಹೋದಂತೆ.

ಬಣ್ಣದ ಸಿಪ್ಪೆ ಸುಲಿದರೆ
ಒಳಗೆ ಕಂದು, ಅಡ್ಡಡ್ಡ ಉದ್ದುದ್ದ ಬಿರಿದು
ಚೌಕ ಚೌಕ ಚೌಕ,
ನೀರು ಬಿಟ್ಟುಹೋದ ಕೆರೆಯಂಗಳ.
ಒಂದು ಚೌಕವನ್ನೆತ್ತಿ ಬೆರಳಲ್ಲಿ ಉಜ್ಜಿದರು.
ನಶ್ಯ.
ಸಂದಿಯಲ್ಲಿ ಬಿಳಿಯ ಎಳೆಗಳು,
ಕಿವಿಯಿಂದ ತೆಗೆದ ಅತ್ತರಿನ ಹತ್ತಿಯ ಹಾಗೆ.

ಹುಳ ಹೊಕ್ಕಿದೆಯೇ, ಕೇಳಿದೆ.
‘ಹುಳಕ್ಕ ಬಾಯಿ ಇರತದ, ಕರಕರ ಸಪ್ಪಳ ಇರತದ.
ಇದು ಬೂಷ್ಟು. ಇದಕ್ಕ ಹಲ್ಲಿಲ್ಲ.
ಕುಂತಲ್ಲೇ ಕರಗಿಸಿ ಕುಡೀತದ.’

ದ್ವಾರಕಾಬಾಯಿ ಧುರಿ ಹೊರಗೆ ಬಂದರು.
ಮಿಲ್ಲಿನ ವೈಂಡಿಂಗ್ ಖಾತೆಯಲ್ಲಿ
ಎಳೆ ಸುತ್ತಿ ಸುತ್ತಿ ಸವೆದ ಬೆರಳು.
ಮೋನಪ್ಪ ತಮ್ಮ ಅರೆಬರೆ ಮರಾಠಿಯಲ್ಲಿ ಶುರುಮಾಡಿದರು:
ಬಾಯಿ, ಮರ ಅಂದರೂ ಒಂದು ಬಟ್ಟೆಯೇ.
ಉದ್ದಕ್ಕೆ ನೂಲು, ನೂಲಿಗೆ ಗಂಜಿ.
ಇದು ನೂಲು ತಿಂದು ಗಂಜಿ ಬಿಟ್ಟಿದೆ.
ಇಸ್ತ್ರಿ ಮಾಡಿದ ಹಾಗೆ ನಿಂತಿರುತ್ತದೆ,
ಜಗ್ಗಿದರೆ ಏನೂ ಇಲ್ಲ.

ಆಕೆ ಹೆಬ್ಬೆರಳು ತೋರುಬೆರಳ ನಡುವೆ
ಇಲ್ಲದ ಎಳೆಯೊಂದನ್ನು ಎಳೆದು ನೋಡಿದರು.

ತಕ್ಕಡಿಗೆ ಹಾಕಿದರೆ ತಕ್ಕಡಿ ನಂಬುವುದಿಲ್ಲ.
ನೂರಕ್ಕೆ ಐದೋ ಆರೋ ಕಡಿಮೆ, ಅಷ್ಟೇ.
ಬಲ ಅಷ್ಟರಲ್ಲೇ ಅರ್ಧ ಮೆಟ್ಟಿಲು ಇಳಿದಿರುತ್ತದೆ,
ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಿಲ್ಲದೆ.
ಒಳ್ಳೆಯ ಮರ ಮುರಿಯುವ ಮುಂಚೆ ಗೋಗರೆಯುತ್ತದೆ,
ಬಾಗುತ್ತದೆ, ಸಿಬಿರು ಸಿಬಿರಾಗಿ ಬಿಡಿಸಿಕೊಳ್ಳುತ್ತದೆ,
ಕೆಳಗಿರುವವರಿಗೆ ಓಡಲು ಹೊತ್ತು ಕೊಡುತ್ತದೆ.
ಇದು ಚಕ್ಕುಲಿ.

‘ನೀರೆಲ್ಲಿಂದ ಬಂತು?’ ಕೇಳಿದರು ದ್ವಾರಕಾಬಾಯಿ.

ತೊಲೆಯ ನೆತ್ತಿಗೆ ಸರಿಯಾಗಿ
ಸೀಮೆಎಣ್ಣೆಯ ತಗಡಿನ ಡಬ್ಬಿ, ಅದರಲ್ಲಿ ತುಳಸಿ.
ಬೆಳಿಗ್ಗೆಗೊಂದು ತಂಬಿಗೆ,
ನಲವತ್ತು ವರ್ಷ.
ತಳದಲ್ಲಿ ಮೊಳೆ ಹೊಡೆದು ಮಾಡಿದ ಎರಡು ತೂತು.
ಇಳಿದದ್ದು ಆರದಂತೆ ಮೇಲೆ ಬಣ್ಣ,
ಹಬ್ಬಕ್ಕೆ ತಪ್ಪದೆ.

ಮೋನಪ್ಪ ಅತ್ತ ನೋಡಲಿಲ್ಲ.
ನೋಡದಿರಲು ಅವರ ಕತ್ತು ಪಟ್ಟ ಪಾಡು
ನನಗೆ ಕಂಡಿತು.
‘ಮುನಸಿಪಾಲ್ಟಿ ಪೈಪು,’ ಅಂದರು, ‘ಮೇಲಿನದು. ಹಳೇದು.’
ನಾಲ್ಕನೇ ಮಾಳಿಗೆಯ ಪೈಪು ಆ ಮೂಲೆಗೆ ಬರುವುದೇ ಇಲ್ಲ.

ಗುಣಿಸು ಹಾಕಿದೆ.
ವಹಿಯ ‘ಕಾರಣ’ ಅನ್ನುವ ಕಲಮನ್ನು ಖಾಲಿ ಬಿಟ್ಟೆ.
ನಾಳೆ ಟೇಕು ಬರುತ್ತವೆ,
ಯಾರೂ ಈ ಕಡೆ ನಿಲ್ಲಬೇಡಿ, ಎಂದು ಹೇಳಿ ಇಳಿದೆವು.

ಮೆಟ್ಟಿಲ ತಿರುವಿನಿಂದ ಒಮ್ಮೆ ನೋಡಿದೆ.
ದ್ವಾರಕಾಬಾಯಿ ಬಗ್ಗಿ
ಎರಡೂ ಕೈಯಿಂದ ಡಬ್ಬಿಯನ್ನು
ಹೊಸ್ತಿಲ ಕಡೆಗೆ ಎಳೆಯುತ್ತಿದ್ದರು, ಇಷ್ಟಿಷ್ಟೇ.
ಅದು ಕೂತಿದ್ದಲ್ಲಿ
ಒಂದು ಚೌಕ ತೇವ.

ಮೋನಪ್ಪ ತಿರುಗಲಿಲ್ಲ.
ಮುಂದಿನ ಮೆಟ್ಟಿಲನ್ನು ಸುತ್ತಿಗೆಯಿಂದ ತಟ್ಟಿ,
ಕೇಳಿ,
ಆಮೇಲೆ ಕಾಲಿಟ್ಟರು.