ಕೊಂಡಿ

ಹುಡುಗಿ ಅಲುಗಬಾರದು, ಅಂದಿದ್ದರು ಸಪ್ಪರದ ಸಾಹುಕಾರರು.
ಗಿಡ, ಗುಡ್ಡ, ಮೋಡ, ಯಾವುದೂ.
ಸೆರಗಷ್ಟೇ ಹಾರಬೇಕು.
ಇಳಕಲ್ಲ ಪೇಟೆಯಲ್ಲಿ ಅವರ ಅಂಗಡಿ ಟೀವಿಯೊಳಗೆ
ಹಗಲೆಲ್ಲ ಹಾರುತ್ತಲೇ ಇರಬೇಕು,
ಹೋಗೋರು ಬರೋರು ನಿಂತು
ಇದು ಫೋಟೋನೋ ವಿಡಿಯೋನೋ ಅಂತ ಜಗಳಾಡಬೇಕು.

ಬಲಕುಂದಿ ದಾರಿಯ ಕಲ್ಲಿನ ಗಣಿಗೆ ಹೋದೆವು.
ಸೀಳಿ ನಿಲ್ಲಿಸಿದ ಕೆಂಪು ಗ್ರಾನೈಟಿನ ಮುಂದೆ
ಸಾಹುಕಾರರ ಸೊಸೆಯ ತಂಗಿ ನೀಲಾಂಬಿಕಾ.
ಕಲ್ಲಿಗೆ ಅಲುಗಬೇಡ ಎಂದು ಹೇಳಬೇಕಿರಲಿಲ್ಲ,
ಇವಳಿಗೆ ಹನ್ನೆರಡು ಸಲ ಹೇಳಿದೆ.
ಉಸಿರು ಬಿಗಿಹಿಡಿದಳು. ಕೆಮ್ಮಿದಳು. ನಕ್ಕಳು.
ನೊಣವೊಂದು ಬಂದು ಮೂಗಿನ ಮೇಲೆ ಕೂತಿತು.
ನನ್ನ ಹುಡುಗ ಮೌಲಾಸಾಬ
ಜನರೇಟರಿನಿಂದ ವೈರು ಎಳೆದು ಟೇಬಲ್ ಫ್ಯಾನು ಎತ್ತಿಹಿಡಿದು
ಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು
ಗಾಳಿಯಾದ.

ನಾಲ್ಕು ಸೆಕೆಂಡು ಸಿಕ್ಕಿತು.

ರಾತ್ರಿ ಸ್ಟುಡಿಯೋದ ಶಟರು ಅರ್ಧ ಎಳೆದು
ಎಲ್ಲವನ್ನೂ ನಿಲ್ಲಿಸಿದೆ.
ನಿಲ್ಲಿಸುವುದೇನೂ ಕಷ್ಟವಲ್ಲ,
ಅಕ್ಕಿಕಾಳು ಗಾಳಿಯಲ್ಲಿದ್ದಾಗಲೇ
ಮದುವೆ ನಿಲ್ಲಿಸಿ ಹೊಟ್ಟೆ ಹೊರೆಯುವವನು ನಾನು.
ದೂರದ ಲಾರಿಯ ಧೂಳು ಏಳುತ್ತಿದ್ದಲ್ಲೇ ನಿಂತಿತು.
ಇಳಿಯುತ್ತಿದ್ದ ಅವಳ ರೆಪ್ಪೆಯನ್ನು ಅರ್ಧಕ್ಕೇ ತಡೆದೆ.
ಆಮೇಲೆ ಸೆರಗಿನ ಮೇಲೆ ಮಾತ್ರ
ಬೆರಳಿನಿಂದ ಒರೆಸುತ್ತ ಹೋದೆ,
ನಿದ್ದೆಗಣ್ಣಿನ ಕೂಸಿನ ಮುಖ ಒರೆಸಿದ ಹಾಗೆ.
ಒರೆಸಿದಷ್ಟೂ ಎಚ್ಚರವಾಯಿತು ಕೆಂಪು.

ಹಾರಿತು. ಹಾರಿತು. ಹಾರಿತು.
ಕೊನೆಗೆ ಯಾರೋ ಹಿಂದಿನಿಂದ ಎಳೆದಂತೆ ಒಂದು ಜಗ್ಗು.
ಮತ್ತೆ ಮೊದಲಿನಿಂದ. ಮತ್ತೆ ಜಗ್ಗು.
ಕತ್ತರಿಸಿ ನೋಡಿದೆ, ಮಸುಕು ಮಾಡಿ ನೋಡಿದೆ,
ಹಿಂದುಮುಂದಾಗಿ ಓಡಿಸಿದರೆ
ಗಾಳಿಯೇ ಏನನ್ನೋ ಕಂಡು ಹೆದರಿ ಸರಿದಂತಿತ್ತು.
ಎರಡು ಗಂಟೆಗೆ ಬಿಟ್ಟು ಮಲಗಿದೆ.

ಮರುದಿನ ಅಂಬೂಬಾಯಿ ಬಂದಳು,
ನೇಕಾರರ ಕಾರ್ಡಿಗೆ ಸಣ್ಣ ಫೋಟೋ ಬೇಕು, ಎಂಟು ಪ್ರತಿ.
ಸ್ಟೂಲಿನ ಮೇಲೆ ಕೂತವಳ ಕಣ್ಣು ಪರದೆಗೆ ಹೋಯಿತು.
ಬಹಳ ಹೊತ್ತು ನೋಡಿದಳು, ಹುಡುಗಿಯ ಮುಖ ನೋಡಲೇ ಇಲ್ಲ.
"ಇಲ್ಲಿ ಎಳಿ ಹರದೈತಿ" ಅಂದಳು.
"ಎಲ್ಲಿ ಕೂಡಿಸಿದಿ?"
"ಕೊನೆಗೆ."
"ಸುತ್ತಾಕತ್ತಿದ್ದಕ್ಕ ಎಲ್ಲೀ ಕೊನಿನೋ?"

ನಲವತ್ತು ವರ್ಷ ಅವಳ ಕೆಲಸ ಅದೊಂದೇ.
ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ.
ಅದು ಹತ್ತಿ, ಇದು ರೇಶಿಮೆ.
ಎಳೆ ಎಳೆಗೂ ಒಂದು ಕೊಂಡಿ,
ಒಂದರ ಕೊರಳಲ್ಲಿ ಇನ್ನೊಂದರ ಕೊರಳು.
ಅದಾದ ಮೇಲೇ ಮಗ್ಗಕ್ಕೆ ಮಾತು.

"ಗಾಳಿ ಜೋರಿದ್ದಲ್ಲಿ ಕೂಡಿಸಬ್ಯಾಡ.
ಅರಿವಿ ಒಂದು ಚಣ ಮೈಗೆ ಒರಗತೈತಲ್ಲ,
ಸುಮ್ನ, ದಣದಂಗ,
ಅಲ್ಲಿ ನೋಡು."

ನೋಡಿದೆ. ಮೂರನೆಯ ಸೆಕೆಂಡಿನಲ್ಲಿ,
ಬಹುಶಃ ಮೌಲಾಸಾಬ ಕೈ ಸೋತು ಫ್ಯಾನು ಇಳಿಸಿದಾಗ,
ಸೆರಗು ಅವಳ ತೋಳಿಗೆ ಒರಗಿತ್ತು
ಹಾರಬೇಕೆಂಬುದನ್ನೇ ಮರೆತು.
ಹಾಗೇ ಒಂದು ಸಲ ಮೊದಲಿಗೂ ಒರಗಿತ್ತು.
ಆ ದಣಿವನ್ನು ಈ ದಣಿವಿಗೆ ಕೂಡಿಸಿದೆ.
ಜಗ್ಗು ಹೋಯಿತು.
ಎಲ್ಲಿ ಶುರುವೆಂದು ಈಗ ನನಗೂ ತಿಳಿಯದು.

ಆಮೇಲೆ ಅವಳ ಫೋಟೋ ತೆಗೆದೆ.
ಬಿಳಿ ಪರದೆ, ನೆಟ್ಟ ಕಣ್ಣು.
"ಅಲುಗಬ್ಯಾಡ್ರಿ" ಅಂದೆ, ಗಣಿಯ ಕಲ್ಲಿನಂತೆ ಕೂತಳು.
ಎದೆಮಟ್ಟಕ್ಕೆ ಚೌಕಟ್ಟು ಮುಗಿಯುತ್ತದೆ,
ಸರ್ಕಾರಕ್ಕೆ ಅಷ್ಟೇ ಸಾಕು.
ಅದರ ಕೆಳಗೆ, ತೊಡೆಯ ಮೇಲೆ,
ಹೆಬ್ಬೆರಳು ತೋರುಬೆರಳು
ಇಲ್ಲದ ಎಳೆಯೊಂದನ್ನು ಹೊಸೆಯುತ್ತಲೇ ಇದ್ದವು.

ಎಂಟು ಪ್ರತಿಗೆ ಎಂಬತ್ತು ರೂಪಾಯಿ.
ಸೆರಗಿನ ಗಂಟು ಬಿಚ್ಚಿ ಅರವತ್ತು ಎಣಿಸಿಟ್ಟು
"ಇಪ್ಪತ್ತು ನನ್ನ ಕೂಲಿ" ಅಂದು ಹೋದಳು.