ಮೆಟ್ಟಿಲಿನ ಅರವತ್ತು ಚದರಡಿ

ಕಂದಾಯ ಆರು ಸಾವಿರದ ಎಂಟುನೂರ ನಲವತ್ತು.
ಏಪ್ರಿಲ್ಲಿನಲ್ಲೇ ಕಟ್ಟಿದ್ದೆ, ಶಿಡ್ಲಘಟ್ಟದ ನಗರಸಭೆಗೆ,
ಬಿಸಿಲಲ್ಲಿ ಸಾಲು ನಿಂತು, ರಿಯಾಯಿತಿಯ ಆಸೆಗೆ.
ರಸೀದಿಯನ್ನು ಅಕ್ಕಿ ಡಬ್ಬದ ಮುಚ್ಚಳದೊಳಗೆ ಅಂಟಿಸಿದ್ದೆ,
ಈಗ ಬಿಡಿಸಿದರೆ ಅರ್ಧ ಸೀಲು ಮುಚ್ಚಳಕ್ಕೇ ಉಳಿಯಿತು.

ಆಡಿಟರ್ ಪದ್ಮಾಕರಯ್ಯ ಟೇಪು ತಂದಿದ್ದರು.
"ಬಾಡಿಗೆಗೆ ಕೊಟ್ಟ ಭಾಗದ ಕಂದಾಯ ಮಾತ್ರ
ಬಾಡಿಗೆಯಿಂದ ಕಳೆಯಬಹುದು ತಾಯಿ.
ನೀವಿರುವ ಭಾಗದ್ದು ನಿಮ್ಮ ಹಣೆಬರಹ."

ಕೆಳಗೆ ನಾನೂರ ಎಂಬತ್ತು ಚದರಡಿ: ಮೆಹರೂನಳ ಹುರಿ ಮಷೀನು.
ಮೇಲೆ ಆರುನೂರು: ನಾನು, ತಂಗಿ ಪಾಪಮ್ಮ,
ಪಾಪಮ್ಮನ ಮಾತು.
ಚದರಡಿಗೆ ಆರೇ ರೂಪಾಯಿ, ಬೆರಳಲ್ಲೇ ಮುಗಿಯುವ ಲೆಕ್ಕ,
ಮೆಟ್ಟಿಲು ಬರುವವರೆಗೆ.

"ಹತ್ತುವವರು ಯಾರು?"
ನಾವು.
"ಹಾಗಾದರೆ ನಿಮ್ಮದು" ಅಂತ ಪೆನ್ಸಿಲು ನೆಕ್ಕಿದರು.

ಅಷ್ಟರಲ್ಲಿ ಒಂದೂವರೆ. ಮಷೀನು ನಿಂತಿತು,
ಗೋಡೆ ಉಸಿರು ಬಿಟ್ಟಂತಾಯಿತು.
ಏಳು ಹೆಂಗಸರು ಬಂದು ಕೆಳಗಿನ ಐದು ಮೆಟ್ಟಿಲಲ್ಲಿ ಕೂತರು,
ಮುದ್ದೆಯ ಡಬ್ಬ, ಹುರುಳಿ ಸಾರು, ಒಬ್ಬಳದು ಬರೀ ಚಿತ್ರಾನ್ನ.
ಟೇಪು ಅವರ ಮಡಿಲುಗಳ ಮೇಲೆ ಹಾದು ಹೋಯಿತು.
ಅಳತೆಗೆ ಅಡ್ಡ ಅಂತ ಒಬ್ಬಳು ಕಾಲು ಮಡಚಿದಳು.
"ಇರಲಿ ಬಿಡಮ್ಮ" ಅಂದರು ಪದ್ಮಾಕರಯ್ಯ,
ಅಂಗೈಯಲ್ಲಿ ಅವಳದೇ ಉಪ್ಪಿನಕಾಯಿ ಹಿಡಿದು.

ರಸೀದಿಯ ತಳದಲ್ಲಿ ಗ್ರಂಥಾಲಯದ ಕರ, ಭಿಕ್ಷುಕರ ಕರ.
ಅವೂ ಇದೇ ಪ್ರಮಾಣದಲ್ಲಿ ಒಡೆಯಬೇಕಂತೆ.
ಒಡೆಯಿರಿ ಸ್ವಾಮಿ.
ಗುರುವಾರ ಬರುವ ಕುರುಡಜ್ಜ
ಕೆಳಗೆ ನಿಂತು ಮೇಲಕ್ಕೆ ಕೂಗುತ್ತಾನೆ.
ನಾನು ಒಲೆ ಸಣ್ಣ ಮಾಡಿ ಇಳಿಯುವಷ್ಟರಲ್ಲಿ
ಮೆಹರೂನ್ ಕೊಟ್ಟಾಗಿರುತ್ತದೆ.
ಅವನು ಹರಸುವುದು "ಮ್ಯಾಲಿನ ಅಮ್ಮ ತಣ್ಣಗಿರಲಿ" ಅಂತ.
ಎಷ್ಟು ವರ್ಷದ ಹರಕೆ ಹೀಗೆ
ತಪ್ಪು ಖಾತೆಗೆ ಬಿದ್ದಿದೆಯೋ,
ಯಾವ ಆಡಿಟರಿಗೂ ತೋರಿಸಿಲ್ಲ.

"ಮೆಟ್ಟಿಲು ನಿಮ್ದೇ ಅಂತ ಬರ್ಕೊಳ್ಳಿ ಅಕ್ಕ," ಅಂದಳು ಮೆಹರೂನ್,
"ನಾವು ಹೆಂಗೂ ಕೂತಿರ್ತೀವಿ."
ಬರೆಯಬಹುದಿತ್ತು.
ಕೊನೆಗೆ ಸಮಪಾಲು ಅಂತ ತೀರ್ಮಾನವಾಯಿತು:
ನೂರ ಎಂಬತ್ತು ಬಾಡಿಗೆಯ ಕಡೆಗೆ, ನೂರ ಎಂಬತ್ತು ನನ್ನ ಹಣೆಗೆ.
ಏಳನೆಯ ಮೆಟ್ಟಿಲ ಬಳಿ ಗೋಡೆಗೆ
ಪೆನ್ಸಿಲಿನ ಒಂದು ಗೆರೆ.
ಪಾಪಮ್ಮ ಸಂಜೆಯೇ ಒದ್ದೆ ಬಟ್ಟೆಯಲ್ಲಿ ಉಜ್ಜಿದಳು,
ಸುಣ್ಣ ಹೊಡೆಸಿ ಇನ್ನೂ ತಿಂಗಳಾಗಿಲ್ಲ ಅಂತ.

ರಾತ್ರಿ ಕೆಳಗಿನ ದೀಪ ಆರಿಸಿ ಬರುವಾಗ
ಹಿಮ್ಮಡಿಗೆ ಏನೋ ಅಂಟಿತು.
ಅಡುಗೆಮನೆಯ ಬೆಳಕಲ್ಲಿ ನೋಡಿದೆ: ರೇಷ್ಮೆಯ ಒಂದೆಳೆ,
ಇನ್ನೊಂದು ತುದಿ ಅಲ್ಲೇ ಕೆಳಗೆಲ್ಲೋ.
ಎಳೆದೆ. ಬರುತ್ತಲೇ ಇತ್ತು.