ಮೂವತ್ತೊಂದು ಮಂದಿ

ಫ್ಯಾನ್ ಆರಿಸಿ, ಕಿಟಕಿಗೆ ಚಾಪೆ ಒರಗಿಸಿ,
ಕಂಕನಾಡಿಯ ಕೊನೆಯ ಬಸ್ಸು ಹಾರ್ನ್ ಮುಗಿಸಿದ ಮೇಲೆ
ಧಕ್ಕೆಯಲ್ಲಿ ಮೀನು ಮಾರಿ ದಣಿದ ವಾರಿಜಕ್ಕ
ನನ್ನ ಮೊಬೈಲಿಗೆ ದನಿ ಕೊಟ್ಟರು:
ತುಳು, ಪಾಠ ಒಂದು. ಫೀಸಿಲ್ಲ.

ಮೊದಲ ವಾರ ಕಲಿತವರು ಮೂವರು —
ನಾನು, ನನ್ನ ತಮ್ಮ,
ತಪ್ಪಿ ಒತ್ತಿದ ಇನ್ಯಾರೋ.

ಈಗ ಮೂವತ್ತೊಂದು. ಅದರಲ್ಲಿ ಹನ್ನೆರಡು ಮಂದಿ
ನಾಲ್ಕನೇ ಪಾಠದಲ್ಲೇ ಕೂತಿದ್ದಾರೆ;
ಅಲ್ಲಿಂದ ಕ್ರಿಯಾಪದ ಶುರು.
ಬೈಯುವುದು ಯಾವಾಗ ಕಲಿಸುತ್ತೀರಿ ಎಂದು ಒಬ್ಬ.

ನಿನ್ನೆ, ಐಸು ಹೊರುವ ಜಾರ್ಖಂಡಿನ ಹುಡುಗ
ಬುಟ್ಟಿಯ ಮುಂದೆ ನಿಂತು ಅವರನ್ನೇ ಕೇಳಿದನಂತೆ:
'ಒಣಸ್ ಆಂಡಾ?'

ಅವರದೇ ರಾಗ. ಅವರದೇ ಎಳೆತ.
ಕೊನೆಗೆ, ನಾನು ಕತ್ತರಿಸಲು ಮರೆತ
ಆ ಸಣ್ಣ ಕೆಮ್ಮೂ.